ಮುಪ್ಪಿನ ನಡಿಗೆ: ಹಾಸಿಗೆಯಿಂದ ಅಂಗಳಕ್ಕೆ

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆಯನ್ನು ನಾವೆಲ್ಲರೂ ಎಳವೆಯಿಂದಲೇ ಕೇಳುತ್ತ ಬಂದಿದ್ದೇವೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬ ಮಾತೂ ನಮ್ಮಲ್ಲಿದೆ. ಆದರೆ ಈ ಒಂದು ಗಾದೆಯನ್ನು ಮಾತ್ರ ಪರೀಕ್ಷೆಗೆ ಒಡ್ಡದೆ ಒಪ್ಪಿಕೊಳ್ಳುವುದು ಸರಿಯಲ್ಲ. ಏಕೆಂದರೆ ಅರವತ್ತು ದಾಟಿದವರಿಗೆ ಮೈಯೂ ಕೂಡದು, ಬುದ್ಧಿಯೂ ಓಡದು, ಇನ್ನು ಅವರು ಒಂದು ಮೂಲೆಯಲ್ಲಿ ಹಾಯಾಗಿ ಕುಳಿತಿರಲಿ ಎಂಬ ನಮ್ಮೆಲ್ಲರ ನಂಬಿಕೆಗೆ ಈ ಗಾದೆಯೇ ಬೆಂಬಲವಾಗಿ ನಿಂತಿದೆ. ಹಾಗೆ ಕೂರಿಸುವುದು ಪ್ರೀತಿಯಿಂದಲೇ, ಗೌರವದಿಂದಲೇ, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಪ್ರೀತಿಯ ಪರಿಣಾಮ ಏನಾಗುತ್ತದೆ ಎಂಬುದೇ ಪ್ರಶ್ನೆ.

ಮುಂಬಯಿಯಂಥ ಮಹಾನಗರದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಊರಿನಲ್ಲಿ ಕಾಲು ಸೋತ ಹಿರಿಯರಿಗೆ ಜಗಲಿಯಾದರೂ ಇದೆ. ಹಾದುಹೋಗುವವರು ನಿಂತು ನಾಲ್ಕು ಮಾತನಾಡುತ್ತಾರೆ. ಇಲ್ಲಿ ಲಿಫ್ಟ್ ಇಲ್ಲದ ಚಾಳಿನ ಮೂರನೆಯ ಮಹಡಿಯಲ್ಲಿರುವ ಅಜ್ಜಿಗೆ ಮೊಣಕಾಲು ಸೋತರೆ ಜಗತ್ತೇ ಮುಚ್ಚಿಹೋಗುತ್ತದೆ. ನೆರೆಯವರ ಭಾಷೆ ಬೇರೆ, ಮೊಮ್ಮಕ್ಕಳ ಬಾಯಲ್ಲಿ ಹಿಂದಿ ಇಲ್ಲವೆ ಇಂಗ್ಲಿಷು. ಸಂಘದ ಸಭಾಂಗಣಕ್ಕೆ ಬರಲಾಗದ ದಿನದಿಂದ ಆ ಹಿರಿಯರು ನಡಿಗೆಯನ್ನಷ್ಟೇ ಅಲ್ಲ, ತಮ್ಮ ಕನ್ನಡದ ಮಾತುಕತೆಯನ್ನೂ ಕಳೆದುಕೊಳ್ಳುತ್ತಾರೆ. ಆದುದರಿಂದ ಮುಪ್ಪಿನಲ್ಲಿ ನಡಿಗೆಯನ್ನು ಉಳಿಸಿಕೊಳ್ಳುವ ವಿಚಾರ ಕೇವಲ ವೈದ್ಯರಿಗೆ ಸೇರಿದ್ದಲ್ಲ. ನಮ್ಮಂಥ ಹೊರನಾಡ ಸಂಘಗಳಿಗೂ ಸೇರಿದ್ದು. ಈ ವಿಚಾರ ಎಲ್ಲಿಂದ ಎಲ್ಲಿಗೆ ಬಂದಿದೆ ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹಿಂದಿನವರು ಈ ವಿಷಯದಲ್ಲಿ ಅಜ್ಞಾನಿಗಳಾಗಿದ್ದರೆಂದು ತಿಳಿಯಬಾರದು. ಸುಶ್ರುತ ಸಂಹಿತೆಯಲ್ಲಿ ವ್ಯಾಯಾಮದ ಗುಣಗಳನ್ನು ಹೇಳುವಾಗ, ವ್ಯಾಯಾಮ ಮಾಡುವವನ ಮೇಲೆ ಮುಪ್ಪು ಹಠಾತ್ತನೆ ಎರಗುವುದಿಲ್ಲ ಎಂಬ ಅಭಿಪ್ರಾಯ ಬಂದಿದೆ. ಜೊತೆಗೇ, ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು, ವಯಸ್ಸು, ಬಲ, ದೇಶ, ಕಾಲಗಳನ್ನು ನೋಡಿಕೊಂಡು ಮಾಡಬೇಕು ಎಂಬ ಎಚ್ಚರಿಕೆಯೂ ಇದೆ. ಪಶ್ಚಿಮದಲ್ಲಿ ರೋಮನ್ ವಾಗ್ಮಿ ಸಿಸೆರೋ ಕ್ರಿ. ಪೂ. 44ರಲ್ಲಿ ಮುಪ್ಪನ್ನು ಕುರಿತೇ ಒಂದು ಗ್ರಂಥ ಬರೆದನು. ಅದರಲ್ಲಿ ಎಂಬತ್ತನಾಲ್ಕರ ಕೇಟೋ ಎಂಬ ಹಿರಿಯನ ಬಾಯಿಂದ, ರೋಗದೊಡನೆ ಹೋರಾಡುವಂತೆಯೇ ಮುಪ್ಪಿನೊಡನೆಯೂ ಹೋರಾಡಬೇಕು, ಮಿತವಾದ ವ್ಯಾಯಾಮ ಬೇಕು, ದೇಹಕ್ಕಿಂತ ಹೆಚ್ಚಾಗಿ ಮನಸ್ಸಿಗೆ ಎಣ್ಣೆ ಹೊಯ್ಯುತ್ತಿರಬೇಕು ಎಂಬರ್ಥದ ಮಾತುಗಳನ್ನು ಹೇಳಿಸಿದ್ದಾನೆ. ಆ ಕೇಟೋ ಪ್ರತಿದಿನ ಸಂಜೆ, ಅಂದು ತಾನು ಹೇಳಿದ್ದು, ಕೇಳಿದ್ದು, ಮಾಡಿದ್ದು ಎಲ್ಲವನ್ನೂ ಒಂದೊಂದಾಗಿ ನೆನಪಿಗೆ ತಂದುಕೊಳ್ಳುತ್ತಿದ್ದನಂತೆ. ಇದನ್ನು ಬುದ್ಧಿಯ ಗರಡಿ ಎನ್ನದೆ ಇನ್ನೇನೆನ್ನೋಣ?

ನಮ್ಮ ಹಳ್ಳಿಗಳಲ್ಲಂತೂ ವ್ಯಾಯಾಮವೆಂಬ ಹೆಸರಿಲ್ಲದೆಯೇ ವ್ಯಾಯಾಮ ನಡೆಯುತ್ತಿತ್ತು. ಬೀಸುವ ಕಲ್ಲು, ಒರಳು, ಒನಕೆ, ಬಾವಿಯ ಹಗ್ಗ, ನೆಲದ ಮೇಲೆ ಕುಳಿತು ಏಳುವ ಊಟದ ಪದ್ಧತಿ, ಇವೆಲ್ಲ ಮುದುಕಿಯರ ತೋಳು ತೊಡೆಗಳನ್ನು ಕೊನೆಯವರೆಗೂ ದುಡಿಸುತ್ತಿದ್ದವು. ಚೌಕಾಬಾರ, ಅಳಗುಳಿ ಮಣೆ, ಪಗಡೆ, ಬಾಯಿ ಲೆಕ್ಕ, ಒಗಟುಗಳು ಬುದ್ಧಿಯನ್ನು ದುಡಿಸುತ್ತಿದ್ದವು. ಆ ದುಡಿಮೆಯಲ್ಲಿ ಕಷ್ಟವೂ ಬಹಳವಿತ್ತು. ಅದು ಮರಳಿ ಬರಲೆಂದು ನಾವು ಹಾರೈಸುವುದಿಲ್ಲ. ಆದರೆ ಕಷ್ಟ ಹೋದಾಗ ಅದರ ಜೊತೆಗಿದ್ದ ಲಾಭವೂ ಹೋಯಿತು, ಆ ಜಾಗದಲ್ಲಿ ಬೇರೊಂದನ್ನು ನಾವು ಇಡಲಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನು ಆಧುನಿಕ ವೈದ್ಯದ ಕಥೆ. ಮುದುಕರ ವೈದ್ಯಕ್ಕೆ 'ಜೆರಿಯಾಟ್ರಿಕ್ಸ್' ಎಂಬ ಹೆಸರನ್ನು 1909ರಲ್ಲಿ ನ್ಯೂಯಾರ್ಕಿನ ಡಾ. ಇಗ್ನಾಟ್ಸ್ ನಾಶರ್ ಕೊಟ್ಟರು. ಹೆಸರೇನೋ ಬಂದಿತು, ಆದರೆ ಬಹುಕಾಲದವರೆಗೆ ಮುದುಕರಿಗಿದ್ದ ಚಿಕಿತ್ಸೆ ಹಾಸಿಗೆಯೊಂದೇ. ಈ ಹಾಸಿಗೆಯ ಆಳ್ವಿಕೆಯನ್ನು ಮೊದಲು ಪ್ರಶ್ನಿಸಿದವರಲ್ಲಿ ಇಂಗ್ಲೆಂಡಿನ ಡಾ. ಮಾರ್ಜರಿ ವಾರನ್ ಎಂಬ ಮಹಿಳೆ ಮುಖ್ಯರು. 1935ರಲ್ಲಿ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆಯು ಪಕ್ಕದ ಬಡವರ ಆಶ್ರಯಾಲಯವನ್ನು ವಹಿಸಿಕೊಂಡಾಗ ಅಲ್ಲಿದ್ದ 714 ರೋಗಿಗಳ ಹೊಣೆ ಇವರ ಪಾಲಿಗೆ ಬಂದಿತು. ಅವರಲ್ಲಿ ಅನೇಕರು ವರ್ಷಗಟ್ಟಲೆ ಮಲಗಿದಲ್ಲೇ ಇದ್ದವರು. ಡಾ. ವಾರನ್ ಒಬ್ಬೊಬ್ಬರನ್ನೂ ಪರೀಕ್ಷಿಸಿದರು, ವಿಂಗಡಿಸಿದರು, ಏಳಿಸಿ ಕೂರಿಸಿದರು, ಹಿಡಿದು ನಡೆಸಿದರು. ಇನ್ನು ಏಳಲಾರರು ಎಂದು ಕೈಬಿಟ್ಟಿದ್ದವರಲ್ಲಿ ಎಷ್ಟೋ ಮಂದಿ ಎದ್ದು ಮನೆಗೆ ಹೋದರು. 1947ರಲ್ಲಿ ಡಾ. ರಿಚರ್ಡ್ ಆಷರ್ ಎಂಬವರು ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಹಾಸಿಗೆ ಹಿಡಿಯುವುದರ ಅಪಾಯಗಳನ್ನೇ ವಿಷಯವಾಗಿಟ್ಟುಕೊಂಡು ಲೇಖನ ಬರೆದರು. ಮಲಗಿದ್ದರೆ ಸ್ನಾಯು ಕರಗುತ್ತದೆ, ಮೂಳೆ ಸವೆಯುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ, ಮನಸ್ಸು ಮಂಕಾಗುತ್ತದೆ ಎಂಬುದು ಅದರ ಸಾರ.

ಅದಾದ ಆರು ವರ್ಷಕ್ಕೆ ಲಂಡನ್ನಿನ ಬಸ್ಸುಗಳು ಒಂದು ದೊಡ್ಡ ಪಾಠ ಕಲಿಸಿದವು. ಡಾ. ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು ಲಂಡನ್ ಸಾರಿಗೆಯ ಸುಮಾರು 31,000 ನೌಕರರ ಆರೋಗ್ಯವನ್ನು ಪರಿಶೀಲಿಸಿ 1953ರಲ್ಲಿ ವರದಿ ಪ್ರಕಟಿಸಿದರು. ಎರಡು ಅಂತಸ್ತಿನ ಬಸ್ಸಿನಲ್ಲಿ ಚಾಲಕ ದಿನವಿಡೀ ಕುಳಿತಿರುತ್ತಾನೆ. ಕಂಡಕ್ಟರನಾದರೋ ದಿನಕ್ಕೆ ಐದುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಒಂದೇ ಬಸ್ಸು, ಒಂದೇ ಹೊಗೆ, ಒಂದೇ ಊರು. ಆದರೂ ಹೃದಯದ ಬೇನೆ ಕಂಡಕ್ಟರರಿಗಿಂತ ಚಾಲಕರಲ್ಲಿ ಹೆಚ್ಚಾಗಿತ್ತು. ಮುಂಬಯಿಯಲ್ಲಿ ಬೆಸ್ಟ್ ಸಂಸ್ಥೆಯ ಎರಡಂತಸ್ತಿನ ಬಸ್ಸುಗಳು 1937ರಲ್ಲಿ ಓಡತೊಡಗಿದ್ದವು. ಹಳೆಯ ಡೀಸೆಲ್ ಬಸ್ಸುಗಳಲ್ಲಿ ಕೊನೆಯದು 2023ರ ಸೆಪ್ಟೆಂಬರಿನಲ್ಲಿ ವಿದಾಯ ಹೇಳಿತು. ಆ ಮೇಲಂತಸ್ತಿಗೆ ಟಿಕೆಟು ಹರಿಯುತ್ತ ಹತ್ತುತ್ತಿದ್ದ ಕಂಡಕ್ಟರರನ್ನು ಕಂಡ ನಮಗೆ ಡಾ. ಮಾರಿಸರ ಮಾತು ಬೇಗ ಅರ್ಥವಾಗುತ್ತದೆ. ಮಾರಿಸರು ಪರಿಶೀಲಿಸಿದ್ದು ನಡುವಯಸ್ಸಿನವರನ್ನು ನಿಜ. ಆದರೆ ಅವರು ತಾವೂ ನಡೆಯುತ್ತ, ಈಜುತ್ತ 99 ವರ್ಷ ಬಾಳಿ 2009ರಲ್ಲಿ ತೀರಿಕೊಂಡರು.

ಮುಪ್ಪೇ ಶಕ್ತಿಯನ್ನು ಕಸಿಯುತ್ತದೆಯೋ, ಮುಪ್ಪಿನ ಹೆಸರಿನಲ್ಲಿ ಬರುವ ಆಲಸ್ಯ ಕಸಿಯುತ್ತದೆಯೋ? ಇದಕ್ಕೆ ಅಮೆರಿಕದ ಡಲ್ಲಾಸಿನಲ್ಲಿ ನಡೆದ ಒಂದು ಪ್ರಯೋಗ ಬೆಳಕು ಚೆಲ್ಲಿತು. 1966ರಲ್ಲಿ ಇಪ್ಪತ್ತರ ಹರೆಯದ ಐವರು ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿದರು. ಅವರ ದುಡಿಮೆಯ ಸಾಮರ್ಥ್ಯ ಗಣನೀಯವಾಗಿ ಇಳಿಯಿತು. ಮೂವತ್ತು ವರ್ಷಗಳ ತರುವಾಯ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷಗಳ ವಯಸ್ಸು ತಂದ ನಷ್ಟಕ್ಕಿಂತ ಅಂದಿನ ಮೂರು ವಾರಗಳ ಹಾಸಿಗೆ ತಂದ ನಷ್ಟವೇ ಹೆಚ್ಚಾಗಿತ್ತೆಂದು ತಿಳಿಯಿತು! ಅಷ್ಟೇ ಅಲ್ಲ, ಐವತ್ತು ದಾಟಿದ ಅವರು ಆರು ತಿಂಗಳು ಕ್ರಮವಾಗಿ ಅಭ್ಯಾಸ ಮಾಡಿದಾಗ ಆ ನಷ್ಟವನ್ನು ತುಂಬಿಕೊಂಡರು.

ಐವತ್ತರಲ್ಲಿ ಆದೀತು, ತೊಂಬತ್ತರಲ್ಲಿ ಆದೀತೆ ಎಂದು ಕೇಳಬಹುದು. 1990ರಲ್ಲಿ ಬೋಸ್ಟನ್ನಿನ ಡಾ. ಮರಿಯಾ ಫಿಯಾಟರೋನ್ ಈ ಪ್ರಶ್ನೆಗೆ ಉತ್ತರ ಕೊಟ್ಟರು. ವೃದ್ಧಾಶ್ರಮದಲ್ಲಿದ್ದ, ಸರಾಸರಿ ತೊಂಬತ್ತು ವಯಸ್ಸಿನ, ತೀರ ನಿಶ್ಶಕ್ತರಾದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಕೊಟ್ಟರು. ಒಂಬತ್ತು ಮಂದಿ ಅಭ್ಯಾಸವನ್ನು ಪೂರ್ತಿಗೊಳಿಸಿದರು. ಅವರ ತೊಡೆಯ ಬಲ ಸರಾಸರಿ ಶೇಕಡಾ 174ರಷ್ಟು ಏರಿತು. ಇಬ್ಬರು ಊರುಗೋಲನ್ನೇ ಬಿಟ್ಟು ನಡೆದರು. ವಯಸ್ಸಿನೊಡನೆ ಸ್ನಾಯು ಕರಗುವ ಸ್ಥಿತಿಗೆ 'ಸಾರ್ಕೋಪೀನಿಯಾ' ಎಂಬ ಹೆಸರು ಬಂದು ಆಗ ಒಂದು ವರ್ಷವಷ್ಟೇ ಆಗಿತ್ತು. ಆ ಕರಗುವಿಕೆಯನ್ನು ತೊಂಬತ್ತರಲ್ಲೂ ಹಿಮ್ಮೆಟ್ಟಿಸಬಹುದು ಎಂಬುದು ಅಂದಿನ ವೈದ್ಯ ಜಗತ್ತಿಗೆ ಆಶ್ಚರ್ಯದ ಸುದ್ದಿಯೇ ಆಗಿತ್ತು. 1997ರಲ್ಲಿ ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ ಎಂಬತ್ತು ದಾಟಿದ 233 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ, ಮನೆಯಲ್ಲೇ ಮಾಡಬಹುದಾದ ಸರಳ ವ್ಯಾಯಾಮದಿಂದ ಬೀಳುವುದು ಕಡಿಮೆಯಾಯಿತೆಂದು ಕಂಡುಬಂದಿತು.

ಇಲ್ಲಿಯವರೆಗೆ ದೇಹದ ಮಾತಾಯಿತು. ಮನಸ್ಸಿಗೂ ನಡಿಗೆಗೂ ಏನು ಸಂಬಂಧ? ಅದೇ 1997ರಲ್ಲಿ ಸ್ವೀಡನ್ನಿನ ಉಮಿಯೋ ನಗರದ ಸಂಶೋಧಕರು ಒಂದು ಚಿಕ್ಕ, ಆದರೆ ಚೊಕ್ಕ ಪರೀಕ್ಷೆ ಮಾಡಿದರು. 58 ಮಂದಿ ವೃದ್ಧರೊಡನೆ ನಡೆಯುತ್ತ ಮಾತಿಗೆಳೆದರು. ಮಾತಿಗೆ ಉತ್ತರ ಕೊಡಲು 12 ಮಂದಿ ನಡಿಗೆಯನ್ನು ನಿಲ್ಲಿಸಿದರು. ಮುಂದಿನ ಆರು ತಿಂಗಳಲ್ಲಿ ಆ ಹನ್ನೆರಡರಲ್ಲಿ 10 ಮಂದಿ ಬಿದ್ದರು. ಇದರ ತಾತ್ಪರ್ಯವೇನು? ನಡಿಗೆ ಕಾಲಿನ ಕೆಲಸವಷ್ಟೇ ಅಲ್ಲ, ತಲೆಯ ಕೆಲಸವೂ ಹೌದು. ತರುಣನಿಗೆ ಅದು ತಾನಾಗಿ ನಡೆಯುವ ಕ್ರಿಯೆ. ಮುಪ್ಪಿನಲ್ಲಿ ಕಣ್ಣು, ಕಿವಿ, ಪಾದದ ಸ್ಪರ್ಶ ಮಂದವಾದಂತೆ ಪ್ರತಿ ಹೆಜ್ಜೆಗೂ ಗಮನ ಬೇಕಾಗುತ್ತದೆ. ಆ ಗಮನವನ್ನು ಮಾತಾಗಲಿ, ಕೈಯಲ್ಲಿರುವ ಚೀಲವಾಗಲಿ, ಎದುರಿಗೆ ಬಂದ ರಿಕ್ಷಾವಾಗಲಿ ಪಾಲು ಕೇಳಿದೊಡನೆ ಕಾಲು ತಪ್ಪುತ್ತದೆ. ಆದುದರಿಂದ ಕಾಲಿಗೆ ಬಲ ಕೊಟ್ಟರೆ ಸಾಲದು. ಎರಡು ಕಡೆ ಗಮನವಿಡುವ ಶಕ್ತಿಯನ್ನೂ ಬೆಳೆಸಬೇಕು.

ಗಮನವನ್ನು ಹಂಚುವ ಕಲೆ ನಮಗೆ ಹೊಸದಲ್ಲ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರ ನಡುವೆ ಕುಳಿತ ಅವಧಾನಿ ಒಬ್ಬರಿಗೆ ಪದ್ಯದ ಪಾದ ಕಟ್ಟುತ್ತ, ಮತ್ತೊಬ್ಬರ ಸಂಖ್ಯೆಗಳನ್ನು ನೆನಪಿಡುತ್ತ, ಅಪ್ರಸ್ತುತ ಪ್ರಸಂಗಿಯ ಕೀಟಲೆಗೂ ನಗುನಗುತ್ತ ಉತ್ತರಿಸುತ್ತಾರೆ. ಶತಾವಧಾನಿ ಡಾ. ರಾ. ಗಣೇಶರ ಅವಧಾನಗಳನ್ನು ಕಂಡವರಿಗೆ ಇದರ ಪರಿಚಯವಿದೆ. ನಮ್ಮ ಹಿರಿಯರೆಲ್ಲ ಅವಧಾನಿಗಳಾಗಬೇಕೆಂದಲ್ಲ. ನಡೆಯುತ್ತ ಹದಿಮೂರರ ಮಗ್ಗಿ ಹೇಳಬಲ್ಲವರಾದರೆ ಸಾಕು.

ಇದನ್ನು ಸಂಗೀತದ ಮೂಲಕ ಸಾಧಿಸಿದವರು ಜಿನೀವಾ ನಗರದವರು. ಎಮಿಲ್ ಜಾಕ್-ಡಾಲ್‌ಕ್ರೋಜ್ (1865-1950) ಎಂಬ ಸಂಗೀತ ಶಿಕ್ಷಕರು, ತಾಳವನ್ನು ಕಿವಿಯಿಂದಲ್ಲ, ಮೈಯಿಂದ ಕಲಿಯಬೇಕು ಎಂದು ಒಂದು ಪದ್ಧತಿಯನ್ನು ರೂಪಿಸಿ, 1915ರಲ್ಲಿ ಅಲ್ಲಿ ಸಂಸ್ಥೆಯನ್ನು ಸ್ಥಾಪಿಸಿದರು. ಪಿಯಾನೋ ನುಡಿದಂತೆ ನಡೆಯುವುದು, ಲಯ ಬದಲಾದೊಡನೆ ಹೆಜ್ಜೆ ಬದಲಿಸುವುದು, ಕೈಯಲ್ಲಿ ಬೇರೊಂದು ಕೆಲಸ ಮಾಡುತ್ತಿರುವುದು, ಇದು ಆ ಪದ್ಧತಿಯ ತಿರುಳು. ದಶಕಗಳ ಕಾಲ ಇದನ್ನು ಅಭ್ಯಾಸ ಮಾಡಿದ ವೃದ್ಧೆಯರ ನಡಿಗೆ, ಬೇರೊಂದು ಕೆಲಸದಲ್ಲಿ ಮನಸ್ಸು ತೊಡಗಿದ್ದಾಗಲೂ ಸ್ಥಿರವಾಗಿದೆ ಎಂದು 2005ರಲ್ಲಿ ಸ್ವಿಸ್ ವೈದ್ಯರು ಕಂಡರು. ಬಳಿಕ ಬೀಳುವ ಅಪಾಯವಿದ್ದ 134 ಮಂದಿ ಹಿರಿಯರನ್ನು ಸೇರಿಸಿ ಪ್ರಯೋಗ ನಡೆಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾರಕ್ಕೆ ಒಂದೇ ಗಂಟೆಯಂತೆ ಆರು ತಿಂಗಳು ತರಗತಿಗೆ ಬಂದವರಲ್ಲಿ ಬೀಳುವ ಪ್ರಮಾಣ, ಬಾರದವರ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು.

ಇದನ್ನು ಓದುವಾಗ ನಮಗೆ ನೆನಪಾಗುವುದು ಕೋಲಾಟ. ಹಾಡು ಬಾಯಲ್ಲಿ, ತಾಳ ಕೈಯಲ್ಲಿ, ಹೆಜ್ಜೆ ಕಾಲಲ್ಲಿ. ಎದುರಿನವರ ಕೋಲು ಯಾವಾಗ ಬರುತ್ತದೆಂಬ ಎಚ್ಚರ ಕಣ್ಣಲ್ಲಿ. ಹಾಡಿನ ನಡೆ ಬದಲಾದರೆ ಜೊತೆಗಾರರೂ ಬದಲು. ಜಿನೀವಾದವರು ಪಿಯಾನೋ ಇಟ್ಟು ಮಾಡಿದ್ದನ್ನು ನಮ್ಮವರು ಎರಡು ಕೋಲು ಹಿಡಿದು ಮಾಡುತ್ತಿದ್ದರೆಂದರೆ ತಪ್ಪಾಗಲಾರದು. ಆದರೆ ನಾವು ಕೋಲಾಟವನ್ನು ರಾಜ್ಯೋತ್ಸವದ ದಿನ ಮಕ್ಕಳಿಂದ ಆಡಿಸಿ, ಹಿರಿಯರನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸುತ್ತೇವೆ!

ಬುದ್ಧಿಯ ತರಬೇತಿಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಮೆರಿಕದಲ್ಲಿ 1998ರಲ್ಲಿ ಆರಂಭವಾದ 'ಆ್ಯಕ್ಟಿವ್' ಎಂಬ ಪ್ರಯೋಗದಲ್ಲಿ 2,832 ಹಿರಿಯರು ಪಾಲ್ಗೊಂಡರು. ನೆನಪು, ತರ್ಕ, ಗ್ರಹಿಕೆಯ ವೇಗ, ಈ ಮೂರರಲ್ಲಿ ಒಂದೊಂದು ಗುಂಪಿಗೆ ಒಂದೊಂದು ತರಬೇತಿ. ಇನ್ನೊಂದು ಗುಂಪಿಗೆ ಯಾವುದೂ ಇಲ್ಲ. ಹತ್ತು ವರ್ಷಗಳ ಫಲಿತಾಂಶ 2014ರಲ್ಲಿ ಹೊರಬಂದಾಗ ತರ್ಕ ಮತ್ತು ವೇಗದ ಲಾಭ ಉಳಿದಿತ್ತು, ನೆನಪಿನ ಲಾಭ ಉಳಿದಿರಲಿಲ್ಲ. ತರಬೇತಿ ಪಡೆದವರು ದಿನನಿತ್ಯದ ಕೆಲಸಗಳಲ್ಲಿ ತಮಗೆ ತೊಂದರೆ ಕಡಿಮೆ ಎಂದರು. ಅಂದರೆ ಲಾಭವುಂಟು, ಆದರೆ ಯಾವುದನ್ನು ಅಭ್ಯಾಸ ಮಾಡುತ್ತೇವೆಯೋ ಬಹುಮಟ್ಟಿಗೆ ಅದರಲ್ಲೇ ಉಂಟು. ಇದನ್ನು ಹಿಗ್ಗಿಸಿ ಮಾರುವವರೂ ಇದ್ದಾರೆ. ಮಿದುಳಿನ ಆಟಗಳನ್ನು ಮಾರುತ್ತಿದ್ದ ಲುಮೋಸಿಟಿ ಕಂಪನಿ, ತಪ್ಪುದಾರಿಗೆಳೆಯುವ ಜಾಹೀರಾತಿನ ಆರೋಪದ ಮೇಲೆ ಅಮೆರಿಕದ ವ್ಯಾಪಾರ ಆಯೋಗಕ್ಕೆ 2016ರಲ್ಲಿ ಇಪ್ಪತ್ತು ಲಕ್ಷ ಡಾಲರು ತೆರಲು ಒಪ್ಪಬೇಕಾಯಿತು. ಫೋನಿನಲ್ಲಿ ಒಂಟಿಯಾಗಿ ಆಡುವ ಆಟವೊಂದೇ ಮುಪ್ಪಿಗೆ ಮದ್ದೆಂದು ಯಾರೂ ಭ್ರಮಿಸಬಾರದು.

ಹೆಚ್ಚು ಭರವಸೆ ಕಾಣುವುದು ಹಲವನ್ನು ಕೂಡಿಸಿದಾಗ. ಫಿನ್ಲೆಂಡಿನಲ್ಲಿ ಡಾ. ಮಿಯಾ ಕಿವಿಪೆಲ್ಟೋ ಅವರ ನೇತೃತ್ವದಲ್ಲಿ 60ರಿಂದ 77ರ ವಯಸ್ಸಿನ 1,260 ಮಂದಿಯ ಮೇಲೆ ಎರಡು ವರ್ಷದ ಪ್ರಯೋಗ ನಡೆಯಿತು. ಆಹಾರ, ವ್ಯಾಯಾಮ, ಬುದ್ಧಿಯ ತರಬೇತಿ, ರಕ್ತದೊತ್ತಡ ಮುಂತಾದವುಗಳ ತಪಾಸಣೆ, ನಾಲ್ಕೂ ಒಟ್ಟಿಗೆ. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಾಮಾನ್ಯ ಸಲಹೆ ಮಾತ್ರ ಪಡೆದವರಿಗಿಂತ ಇವರ ಬುದ್ಧಿಯ ಪರೀಕ್ಷೆಗಳ ಪ್ರಗತಿ ಮೇಲಾಗಿತ್ತು. ಅಮೆರಿಕದ 'ಲೈಫ್' ಪ್ರಯೋಗದಲ್ಲಿ 70ರಿಂದ 89ರವರೆಗಿನ 1,635 ಮಂದಿ ಇದ್ದರು. ಸುಮಾರು ಎರಡೂವರೆ ವರ್ಷದ ಕೊನೆಗೆ, 400 ಮೀಟರು ನಡೆಯಲಾರದ ಸ್ಥಿತಿಗೆ ಬಂದವರು ವ್ಯಾಯಾಮದ ಗುಂಪಿನಲ್ಲಿ ಶೇಕಡಾ 30.1, ಬರಿಯ ಉಪನ್ಯಾಸ ಕೇಳಿದವರಲ್ಲಿ ಶೇಕಡಾ 35.5. ಅಂತರ ಪವಾಡದಷ್ಟಿಲ್ಲ. ಆದರೆ ನೂರರಲ್ಲಿ ಐವರು ಹಿರಿಯರು ತಮ್ಮ ಕಾಲ ಮೇಲೆ ಬೀದಿಯ ಕೊನೆಯ ಅಂಗಡಿಯವರೆಗೆ ಹೋಗಿಬರಬಲ್ಲರೆಂದರೆ ಆ ಐದು ಮನೆಗಳಿಗೆ ಅದು ಸಣ್ಣ ಮಾತಲ್ಲ. ಬರಿಯ ಉಪನ್ಯಾಸಕ್ಕಿಂತ ವ್ಯಾಯಾಮ ಮೇಲು ಎಂಬ ಅಂಶವನ್ನು ಉಪನ್ಯಾಸಪ್ರಿಯರಾದ ನಮ್ಮ ಸಂಘಗಳು ಮನಸ್ಸಿನಲ್ಲಿಟ್ಟುಕೊಳ್ಳುವುದೊಳ್ಳೆಯದು.

ಇವೆಲ್ಲವನ್ನೂ ಒಬ್ಬೊಬ್ಬರೇ ಮಾಡಿದರೆ ನಾಲ್ಕು ದಿನಕ್ಕೆ ನಿಂತುಹೋಗುತ್ತದೆ. ಕೂಡಿ ಮಾಡಿದರೆ ನಿಲ್ಲುತ್ತದೆ ಎಂಬುದಕ್ಕೆ ಜಪಾನು ಸಾಕ್ಷಿ. 1928ರಲ್ಲಿ ಅಲ್ಲಿ ರೇಡಿಯೋ ಮೂಲಕ ಸಾಮೂಹಿಕ ವ್ಯಾಯಾಮ ಆರಂಭವಾಯಿತು. ಯುದ್ಧಾನಂತರ ಕೆಲಕಾಲ ನಿಂತು 1951ರಲ್ಲಿ ಹೊಸ ರೂಪದಲ್ಲಿ ಮರಳಿತು. ಬೆಳಗಿನ ಆರೂವರೆಗೆ ಉದ್ಯಾನಗಳಲ್ಲಿ ನೆರೆದು ಆ ಸಂಗೀತಕ್ಕೆ ಕೈಕಾಲು ಆಡಿಸುವ ಹಿರಿಯರನ್ನು ಇಂದಿಗೂ ಅಲ್ಲಿ ಕಾಣಬಹುದು. ನಮ್ಮ ಮುಂಬಯಿಯಲ್ಲೇ 1995ರ ಮಾರ್ಚ್ 13ರಂದು ಡಾ. ಮದನ್ ಕಟಾರಿಯಾ ಅಂಧೇರಿಯ ಒಂದು ಉದ್ಯಾನದಲ್ಲಿ ಐದೇ ಮಂದಿಯಿಂದ ನಗೆಕೂಟ ಆರಂಭಿಸಿದರು, ಅದು ಲೋಕವ್ಯಾಪಿಯಾಯಿತು.

ಈ ಚರಿತ್ರೆಯಲ್ಲಿ ಹೊರನಾಡ ಕನ್ನಡಿಗರ ಪಾಲೂ ಕಿರಿದಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿ, 1934ರಲ್ಲಿ 'ಯೋಗ ಮಕರಂದ'ವನ್ನು ಕನ್ನಡದಲ್ಲೇ ಬರೆದ ಶ್ರೀ ತಿರುಮಲೈ ಕೃಷ್ಣಮಾಚಾರ್ಯರು ತಮ್ಮ ಕೊನೆಯ ದಶಕಗಳನ್ನು ಮದರಾಸಿನಲ್ಲಿ ಕಳೆದರು. ತೊಂಬತ್ತಾರರಲ್ಲಿ ಸೊಂಟದ ಮೂಳೆ ಮುರಿದಾಗ ಶಸ್ತ್ರಚಿಕಿತ್ಸೆ ಬೇಡವೆಂದು ಹಾಸಿಗೆಯಲ್ಲೇ ಮಾಡಬಹುದಾದ ಅಭ್ಯಾಸವನ್ನು ತಾವೇ ರೂಪಿಸಿಕೊಂಡರೆಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. (ಇದು ಅವರಂಥವರಿಗೆ ಸಂದದ್ದು, ಸಾಮಾನ್ಯರು ಮೂಳೆ ಮುರಿದರೆ ವೈದ್ಯರ ಮಾತನ್ನೇ ಕೇಳಬೇಕು.) ಅವರ ಶಿಷ್ಯರು, ಕೋಲಾರ ಸೀಮೆಯ ಬೆಳ್ಳೂರಿನ ಶ್ರೀ ಬಿ. ಕೆ. ಎಸ್. ಅಯ್ಯಂಗಾರ್ಯರು 1937ರಲ್ಲಿ ಪುಣೆಗೆ ಬಂದು ಅಲ್ಲೇ ನೆಲೆಸಿ 1975ರಲ್ಲಿ ತಮ್ಮ ಸಂಸ್ಥೆ ತೆರೆದರು. ಕುರ್ಚಿ, ಹಗ್ಗ, ಪಟ್ಟಿ, ಮರದ ದಿಮ್ಮಿಗಳ ಆಸರೆಯಿಂದ, ಮೈ ಬಾಗದವರೂ ಆಸನ ಮಾಡಬಹುದೆಂದು ತೋರಿಸಿದ್ದು ಅವರ ದೊಡ್ಡ ಕೊಡುಗೆ.

2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ. ಅಂದಿನಿಂದ ಆ ಸಂಖ್ಯೆ ಬೆಳೆದಿದೆಯೇ ಹೊರತು ಕುಗ್ಗಿಲ್ಲ. ಇಷ್ಟು ಮಂದಿಗೆ ಸರಕಾರವೊಂದೇ, ಆಸ್ಪತ್ರೆಯೊಂದೇ ಸಾಲದು. ನಮ್ಮ ಸಂಘದ ಸಭಾಂಗಣ ವಾರದ ಬಹುಭಾಗ ಬೆಳಗಿನ ಹೊತ್ತು ಖಾಲಿಯಾಗಿಯೇ ಇರುತ್ತದೆ. ವಾರಕ್ಕೆ ಎರಡು ಬೆಳಗು, ಒಂದೊಂದು ಗಂಟೆ, ಅದನ್ನು ಹಿರಿಯರಿಗೆ ಬಿಟ್ಟುಕೊಡಬಾರದೇಕೆ? ಮೊದಲು ಅವರವರ ವೈದ್ಯರ ಒಪ್ಪಿಗೆ ಪಡೆಯಲಿ. ಬಳಿಕ ಕೈಯೂರದೆ ಕುರ್ಚಿಯಿಂದ ಏಳುವುದು, ಕುರ್ಚಿಯ ಬೆನ್ನು ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಗೋಡೆಯ ಪಕ್ಕದಲ್ಲಿ ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟು ನಡೆಯುವುದು. ಅದು ರೂಢಿಯಾದ ಮೇಲೆ ನಡೆಯುತ್ತ ನೂರರಿಂದ ಹಿಂದಕ್ಕೆ ಎಣಿಸುವುದು, ತಮ್ಮ ತಾಲೂಕಿನ ಊರುಗಳ ಹೆಸರು ಹೇಳುವುದು. ಕೊನೆಗೆ ನಿಧಾನದ ಕೋಲಾಟ, ಮತ್ತೆ ಕಾಫಿಯೊಡನೆ ಒಂದು ಆಟ ಚೌಕಾಬಾರ. ಬೀಳುವವರನ್ನು ಹಿಡಿಯಲು ಇಬ್ಬರು ತರುಣರು ಪಕ್ಕದಲ್ಲಿರಲಿ. ಮಹಡಿ ಇಳಿಯಲಾರದವರ ಮನೆಗೆ ಯಾರಾದರೂ ಹೋಗಿ ಮೊದಲ ತಿಂಗಳು ಅಲ್ಲೇ ಅಭ್ಯಾಸ ಮಾಡಿಸಲಿ. ಇದಕ್ಕೆ ದೊಡ್ಡ ನಿಧಿ ಬೇಡ, ಉದ್ಘಾಟನೆಗೆ ಮಂತ್ರಿಗಳೂ ಬೇಡ.

ಈ ಸಂಘವನ್ನು ಕಟ್ಟಿದವರು ದಿನದ ಕೆಲಸ ಮುಗಿಸಿ, ಲೋಕಲ್ ರೈಲಿನಲ್ಲಿ ನಿಂತು ಬಂದು, ರಾತ್ರಿ ನಾಟಕದ ತಾಲೀಮು ನಡೆಸಿದವರು. ಅವರಿಗಾಗಿ ಮುಂದಿನ ಸಾಲಿನಲ್ಲಿ ಕುರ್ಚಿ ಕಾದಿರಿಸುವುದು ನಮ್ಮ ಕರ್ತವ್ಯವೇ. ಆ ಕುರ್ಚಿಯವರೆಗೆ ಅವರು ತಮ್ಮ ಕಾಲ ಮೇಲೆ ನಡೆದು ಬರುವಂತೆ ಮಾಡುವುದು ಅದಕ್ಕಿಂತ ಮೊದಲಿನ ಕರ್ತವ್ಯ. ಕಾರ್ಯಕಾರಿ ಸಮಿತಿಯವರೂ ವಾಚಕರೂ ಈ ಬಗ್ಗೆ ಆಲೋಚಿಸಬೇಕೆಂದು ನಮ್ಮ ವಿನಂತಿ.